ಲಾರಿಯ ಬೆನ್ನು ಹಿಡಿದು

ಕತ್ತಲಾಗುವ ಹೊತ್ತಿಗೆ ನಮ್ಮ ಕಡೆಯ ಡ್ರೈವರುಗಳು ಒಂದು ಕೆಲಸ ಮಾಡುತ್ತಾರೆ. ಹೆಡ್‌ಲೈಟಿನ ಸ್ವಿಚ್ ತಿರುವಿದ ಕೂಡಲೇ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮನೆಯಲ್ಲಿ ಸಂಜೆ ದೀಪ ಹಚ್ಚಿ ಕೈ ಮುಗಿಯುತ್ತೇವಲ್ಲ, ಹಾಗೆ. ಕಲಬುರಗಿಯಲ್ಲಿ ನಾವು ಲೈಟು ‘ಹಾಕುವುದಿಲ್ಲ’, ‘ಹಚ್ಚುತ್ತೇವೆ’. ಹಚ್ಚಿದ್ದು ಬಲ್ಬಾದರೇನು, ಹಣತೆಯಾದರೇನು, ಕೈ ತಾನಾಗಿ ಮುಗಿದುಕೊಳ್ಳುತ್ತದೆ. ನಾನೂ ಹದಿನಾಲ್ಕು ವರ್ಷ ತಪ್ಪದೆ ಮುಗಿದಿದ್ದೇನೆ. ವ್ಯತ್ಯಾಸ ಇಷ್ಟೇ: ಉಳಿದವರು ಲೈಟು ಹತ್ತಿತೆಂದು ಕೈ ಮುಗಿದರೆ, ನಾನು ಹತ್ತಿರಬಹುದೆಂಬ ನಂಬಿಕೆಯ ಮೇಲೆ ಮುಗಿಯುತ್ತಿದ್ದೆ.

ನಮ್ಮ ಮನೆ ಕಪನೂರದಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಊರ ಅಂಚಿಗೆ ಕೈಗಾರಿಕಾ ಪ್ರದೇಶ ಸಿಗುತ್ತದಲ್ಲ, ಬೇಳೆ ಮಿಲ್ಲುಗಳ ಹೊಟ್ಟು ಹಾರಿಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುವ ಜಾಗ, ಅದೇ. ಮಾವನವರ ಮನೆ ಕಮಲಾಪುರದಲ್ಲಿ. ನಡುವೆ ಮೂವತ್ತು ಕಿಲೋಮೀಟರು ಇರಬಹುದು. ಈ ರಸ್ತೆಗೆ ಹಿಂದೆ ರಾಷ್ಟ್ರೀಯ ಹೆದ್ದಾರಿ 218 ಅಂತ ನಂಬರಿತ್ತು, ಈಗ 50 ಆಗಿದೆ. ನಂಬರು ಬದಲಾದದ್ದನ್ನು ಎಮ್ಮೆಗಳಿಗೆ ಯಾರೂ ತಿಳಿಸಿದಂತಿಲ್ಲ.

ಹೋಗುವುದು ಹಗಲಲ್ಲಿ, ಬರುವುದು ರಾತ್ರಿಯಲ್ಲಿ. ಮಾವನ ಮನೆಯಿಂದ ಬೆಳಕಿರುವಾಗಲೇ ಹೊರಟು ಬಂದ ಅಳಿಯ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ನಾಲ್ಕಕ್ಕೆ ಎದ್ದರೆ ಚಹಾ, ಐದಕ್ಕೆ ಎದ್ದರೆ ಸುಸಲಾ, ಆರಕ್ಕೆ ಎದ್ದರೆ ‘ಈಗ ರೊಟ್ಟಿ ಬಡೀಲತ್ತೀವಿ, ಉಂಡೇ ಹೋಗ್ರಿ’. ಉಂಡು ಎದ್ದಾಗ ಅತ್ತೆಯವರು ತೊಗರಿಯ ಚೀಲ, ಕೆಂಪು ಬಾಳೆಯ ಗೊನೆ ತಂದು ಡಿಕ್ಕಿಯಲ್ಲಿ ಇಡಿಸುತ್ತಾರೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ನಮ್ಮ ತೊಗರಿ ಬೇಳೆಗೂ 2019ರಲ್ಲಿ ಅದು ಸಿಕ್ಕಿತು. ಹೀಗೆ ಎರಡು ಮಾನ್ಯತೆ ಪಡೆದ ಸಾಮಾನು ಹೊತ್ತು, ಯಾವ ಮಾನ್ಯತೆಗೂ ಯೋಗ್ಯವಲ್ಲದ ಎರಡು ಲೈಟು ಹಚ್ಚಿಕೊಂಡು ನಾವು ಹೊರಡುತ್ತಿದ್ದೆವು.

ಕಾರಿಗೆ ಮೂರನೆಯ ಲೈಟು ನನ್ನ ಹೆಂಡತಿ. ಆಕೆ ಎಡಗಡೆ ಕೂತು, ಸೆರಗು ಬಿಗಿದು, ಗಾಜಿಗೆ ಹಣೆ ತಾಗುವಷ್ಟು ಮುಂದೆ ಬಾಗಿ ವರದಿ ಒಪ್ಪಿಸುತ್ತಿದ್ದಳು. ‘ಎಮ್ಮಿ.’ ‘ಸೈಕಲ್.’ ‘ಹಂಪ್ ಅದ, ಹಂಪ್ ಅದ... ಹೋಯ್ತು.’ ಒಮ್ಮೆ ತಾಳ್ಮೆಗೆಟ್ಟು ಕೇಳಿದಳು:

‘ರೀ, ಲೈಟ್ ಹಚ್ಚೀರೋ ಇಲ್ಲೋ?’

‘ಹಚ್ಚೀನಿ.’

‘ಮತ್ತ ಅದಕ್ಕ ಗೊತ್ತದೇನು?’

ಪುಷ್ಯ ಮಾಸ ಬಂತೆಂದರೆ ಈ ರಸ್ತೆಯ ರಾತ್ರಿಯೇ ಬೇರೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಟ್ರ್ಯಾಕ್ಟರುಗಳು ಚೀಲ ಹೇರಿಕೊಂಡು ಕಲಬುರಗಿಯ ಮಾರುಕಟ್ಟೆಗೆ ಸಾಲುಗಟ್ಟುತ್ತವೆ. ಟ್ರೇಲರಿನ ಹಿಂದೆ ಕೆಂಪು ದೀಪ ಇರಬೇಕಾದ ಜಾಗದಲ್ಲಿ ಎರಡು ತೂತು, ತೂತಿನಿಂದ ಜೋತುಬಿದ್ದ ವೈರು. ಪುಣ್ಯವಂತರು ರೇಡಿಯಂ ಅಂಟಿಸಿರುತ್ತಾರೆ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ ತಾನೇ ಬೆಳಗುವ ಪದಾರ್ಥ. ನಾವು ರೇಡಿಯಂ ಎನ್ನುವ ಈ ಕೆಂಪು ಪಟ್ಟಿಯಲ್ಲಿ ಅದರ ಚೂರೂ ಇಲ್ಲ, ಬಿದ್ದ ಬೆಳಕನ್ನು ಬಂದ ದಾರಿಗೇ ಮರಳಿಸುವುದಷ್ಟೇ ಅದರ ಕೆಲಸ. ರಸ್ತೆಯ ನಡುವೆ ಹುಗಿದಿರುವ, ‘ಬೆಕ್ಕಿನ ಕಣ್ಣು’ ಎಂದು ಕರೆಯುವ ಗುಬುಟುಗಳದ್ದೂ ಅದೇ ಸ್ವಭಾವ. ಇಂಗ್ಲೆಂಡಿನ ಯಾರ್ಕ್‌ಷೈರಿನ ಪರ್ಸಿ ಷಾ ಎಂಬಾತ 1934ರಲ್ಲಿ ಅವಕ್ಕೆ ಪೇಟೆಂಟ್ ಮಾಡಿಸಿದ. ಎಮ್ಮೆಯ ಕಣ್ಣೂ ಹಾಗೆ ಹೊಳೆಯುತ್ತದೆ, ಅದು ನಮ್ಮ ಕಡೆ ತಿರುಗಿ ನೋಡಿದರೆ. ಎಮ್ಮೆ ತಿರುಗಿ ನೋಡುವುದಿಲ್ಲ. ಒಟ್ಟಿನಲ್ಲಿ ಇವೆಲ್ಲ ಕೊಟ್ಟಷ್ಟೇ ಹಿಂದಿರುಗಿಸುವ ಜಾತಿ. ನಾನು ಕೊಡುತ್ತಿದ್ದುದು ಎಣ್ಣೆ ತೀರಿದ ಕಂದೀಲಿನಷ್ಟು. ಹಾಗಾಗಿ ನನ್ನ ಪಾಲಿಗೆ ಹೆದ್ದಾರಿಯ ಬೆಕ್ಕುಗಳೆಲ್ಲ ನಿದ್ದೆಯಲ್ಲೇ ಇರುತ್ತಿದ್ದವು.

ಎದುರಿನಿಂದ ಬರುವವರ ಕಥೆ ತದ್ವಿರುದ್ಧ. ಒಬ್ಬೊಬ್ಬರೂ ಸೂರ್ಯನನ್ನು ಬಾನೆಟ್ಟಿಗೆ ಕಟ್ಟಿಕೊಂಡು ಬರುತ್ತಾರೆ. ನಾನು ಸಣ್ಣವನಿದ್ದಾಗ ಬಸ್ಸು, ಲಾರಿಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು. ಆಗ ಅದು ದೃಷ್ಟಿಬೊಟ್ಟು ಅಂದುಕೊಂಡಿದ್ದೆ. ಎದುರಿನವನ ದೃಷ್ಟಿ ಉಳಿಸುವ ಬೊಟ್ಟು ಎಂದು ಈಗ ಅರ್ಥವಾಗಿದೆ, ಆದರೆ ಬಣ್ಣವೇ ಹೋಗಿದೆ. ಲಾರಿಗಳ ಬೆನ್ನ ಮೇಲೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂಬ ಬರಹ ಮಾತ್ರ ಉಳಿದಿದೆ. 2016ರಲ್ಲಿ ಟಾಟಾ ಮೋಟಾರ್ಸಿನವರು ಲಾರಿ ಚಾಲಕರ ಆರೋಗ್ಯಕ್ಕಾಗಿ ಹಂಚಿದ ಕಾಂಡೋಮಿಗೂ ಇದೇ ಮಾತಿನಿಂದ ‘ಡಿಪ್ಪರ್’ ಎಂದು ಹೆಸರಿಟ್ಟರು. ಅದರಿಂದ ಏನಾಯಿತೋ, ರಸ್ತೆಯ ಮೇಲಂತೂ ಡಿಪ್ಪರ್ ಬಳಸುವವರು ಹೆಚ್ಚಾದಂತೆ ಕಾಣಲಿಲ್ಲ.

ಇಂಥ ಸ್ಥಿತಿಯಲ್ಲಿ ಬಡವನಿಗೆ ಉಳಿಯುವ ದಾರಿ ಒಂದೇ. ಕೈಗಡ. ಮುಂದೆ ಹೋಗುವ ದೊಡ್ಡ ಗಾಡಿಯ ಬೆನ್ನು ಹಿಡಿದು ಅದರ ಬೆಳಕಿನಲ್ಲಿ ಹೋಗುವುದು. ಮೊದಲು ಸರ್ಕಾರಿ ಬಸ್ಸಿನ ಹಿಂದೆ ಹೋಗಿ ನೋಡಿದೆ. ಅದು ನಿಂತಲ್ಲೆಲ್ಲ ನಾನೂ ನಿಂತೆ. ಮಹಾಗಾಂವ ಕ್ರಾಸಿನಲ್ಲಿ ಒಬ್ಬ ಮುದುಕ ಬಸ್ಸು ತಪ್ಪಿಸಿಕೊಂಡವನು ನೇರವಾಗಿ ನನ್ನ ಹಿಂದಿನ ಬಾಗಿಲು ತೆಗೆದು ಕೂತು, ‘ಕಲಬುರ್ಗಿ ಒಂದು’ ಎಂದು ಇಪ್ಪತ್ತು ರೂಪಾಯಿ ಚಾಚಿದ. ಹಣ ತೆಗೆದುಕೊಳ್ಳಲಿಲ್ಲ. ಆದರೆ ದಾರಿಯುದ್ದಕ್ಕೂ ಆತ ಎಮ್ಮೆಗಳನ್ನು ನನ್ನ ಹೆಂಡತಿಗಿಂತ ಒಂದು ಗಳಿಗೆ ಮೊದಲೇ ಗುರುತಿಸಿ ಹೇಳಿದ. ಆಕೆಗೆ ಅದು ಸರಿಬರಲಿಲ್ಲ.

ಬಸ್ಸಿಗಿಂತ ಲಾರಿ ವಾಸಿ ಅನ್ನಿಸಿದ್ದು ಆಮೇಲೆ. ಕಳೆದ ಜನವರಿಯ ಒಂದು ರಾತ್ರಿ, ಕುರಿಕೋಟಾ ಸೇತುವೆ ದಾಟುವಾಗ ಒಳ್ಳೆಯ ಲಾರಿಯೊಂದು ಸಿಕ್ಕಿತು. ಹಿಂದೆ ಎರಡೂ ಕೆಂಪು ದೀಪ ಉರಿಯುತ್ತಿದ್ದವು, ಮುಂದೆ ಹಾಲು ಚೆಲ್ಲಿದಂಥ ಬೆಳಕು, ಓಟವೂ ಹದವಾಗಿತ್ತು. ತಾಯಿಯ ಹಿಂದೆ ಕರು ಹೋದಂತೆ ಹೋದೆ. ಹೆಂಡತಿಗೆ ಎಷ್ಟೋ ವರ್ಷದ ಮೇಲೆ ಮೊದಲ ಬಾರಿಗೆ ನಿದ್ದೆ ಹತ್ತಿತು. ಕಪನೂರ ಬಂತು. ಲಾರಿ ಎಡಕ್ಕೆ ತಿರುಗಿತು, ನಾನೂ ತಿರುಗಿದೆ. ಲಾರಿ ನಿಧಾನವಾಯಿತು, ನಾನೂ ನಿಧಾನಿಸಿದೆ. ಅದು ಒಂದು ಕಬ್ಬಿಣದ ಹಲಗೆಯ ಮೇಲೆ ಹತ್ತಿ, ನಿಂತು, ಇಳಿದು ಮುಂದೆ ಹೋಯಿತು. ನಾನೂ ಹತ್ತಿದೆ. ಪಕ್ಕದ ಕೋಣೆಯ ಕಿಟಕಿಯಿಂದ ಹುಡುಗನೊಬ್ಬ ಮುಖ ಹಾಕಿ, ‘ಮಾಲ್ ಏನದ್ರಿ?’ ಎಂದ.

ಬೇಳೆ ಮಿಲ್ಲಿನ ವೇ ಬ್ರಿಡ್ಜ್ ಮೇಲೆ ನಿಂತಿದ್ದೆವು. ಕಿಟಕಿಯ ಮೇಲಿನ ಬೋರ್ಡಿನಲ್ಲಿ ಕೆಂಪು ಅಂಕಿ ಬೆಳಗುತ್ತಿತ್ತು: 1,140 ಕೆ.ಜಿ. ಅಷ್ಟರಲ್ಲಿ ಎಚ್ಚರಾದ ಹೆಂಡತಿ ಬೋರ್ಡನ್ನೂ ನನ್ನನ್ನೂ ನೋಡಿ, ‘ಅದರಾಗ ನಂದೆಷ್ಟು ಅಂತ ಯಾರ ಮುಂದೂ ಲೆಕ್ಕ ಹಾಕಬ್ಯಾಡ್ರಿ’ ಎಂದಳು. ಹುಡುಗ ಚೀಟಿ ಹರಿದುಕೊಡಲೇ ಎಂದು ವಿನಯದಿಂದ ಕೇಳುತ್ತಿದ್ದ.

ಗಾಡಿ ತಿರುಗಿಸಲು ಅಂಗಳದೊಳಕ್ಕೆ ಹೋಗಲೇಬೇಕಾಯಿತು. ಎದುರಿಗೆ ಸುಣ್ಣ ಹೊಡೆದ ಗೋಡೆ. ನನ್ನ ಲೈಟಿನ ನಿಜರೂಪವನ್ನು ಅಷ್ಟು ವರ್ಷದಲ್ಲಿ ನಾನು ನೋಡಿದ್ದು ಆ ಗೋಡೆಯ ಮೇಲೆ. ಚಹಾ ಚೆಲ್ಲಿ ಒರೆಸಿದಂಥ ಎರಡು ಕಲೆ. ಅದರಲ್ಲಿ ಒಂದು ನೆಲ ನೋಡುತ್ತಿತ್ತು, ಇನ್ನೊಂದು ತಗಡಿನ ಮಾಡಿನ ಮೇಲೆ ಮಲಗಿದ್ದ ಬೆಕ್ಕನ್ನು. ನಿಜವಾದ ಬೆಕ್ಕು. ಅದು ಕಣ್ಣು ಕೂಡ ಮಿಟುಕಿಸಲಿಲ್ಲ.

ಮರುದಿನ ಲಾರಿಗಳ ವೈರಿಂಗ್ ಮಾಡುವ ಉಸ್ತಾದರ ಹತ್ತಿರ ಹೋದೆ. ಮಿಲ್ಲಿನ ಗೋಡೆಗೆ ಒತ್ತಿಕೊಂಡೇ ಅವರ ಅಂಗಡಿ. ಲೈಟಿನ ಮೇಲೆ ಬೆರಳಾಡಿಸಿ, ‘ಸರ್, ಮೋತಿಬಿಂದು ಬಂದದ್ರಿ ಇದಕ್ಕ’ ಎಂದರು. ಕಣ್ಣಿನ ಪೊರೆ. ಅಂಬಾಸಿಡರ್, ಫಿಯಟ್ಟುಗಳ ಗುಂಡಗಿನ ಲೈಟಿಗೆ ಗಾಜಿರುತ್ತಿತ್ತು. ಈಗಿನದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲು ತಡೆಯಲು ಅದರ ಮೇಲೊಂದು ತೆಳು ಲೇಪ ಇರುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ನಮ್ಮೂರಲ್ಲಿ ಸುದ್ದಿಯೇ ಅಲ್ಲ. ಆ ಬಿಸಿಲಿಗೆ ವರ್ಷವರ್ಷ ಮೈಯೊಡ್ಡಿದ ಲೇಪ ಸುಟ್ಟು, ಒಳಗಿನ ಪ್ಲಾಸ್ಟಿಕ್ ಹಳದಿ ತಿರುಗಿ, ಮಂಜಾಗುತ್ತದೆ. ನಾನು ಹಿಂದೊಮ್ಮೆ ಹಲ್ಲುಪೇಸ್ಟ್ ಹಚ್ಚಿ ತಿಕ್ಕಿದ್ದುಂಟು. ಎರಡು ತಿಂಗಳು ಲೈಟು ಫಳಫಳ ಹೊಳೆದು, ಮೂರನೆಯ ತಿಂಗಳು ಮೊದಲಿಗಿಂತ ಮಂಜಾಯಿತು. ಅದನ್ನು ಹೇಳಿದೆ. ಉಸ್ತಾದರು ಎಲ್ಲ ಡಾಕ್ಟರರ ಹಾಗೆ ನಾಲಿಗೆ ಲೊಚಗುಟ್ಟಿದರು. ಪೇಸ್ಟ್ ಹಳದಿಯ ಜೊತೆ ಅಳಿದುಳಿದ ಲೇಪವನ್ನೂ ಕೆರೆದು ಹಾಕಿತ್ತು. ನೀರು ಹಾಕುತ್ತ ದಪ್ಪದಿಂದ ನುಣುಪಿನವರೆಗೆ ಮೂರು ಬಗೆಯ ವಾಟರ್ ಪೇಪರಿನಲ್ಲಿ ತಿಕ್ಕಿ, ಪಾಲಿಶ್ ಮಾಡಿ, ಮೇಲೆ ಬಿಸಿಲು ತಡೆಯುವ ಹೊಸ ಲೇಪ ಹೊಡೆದರೇ ಅದು ನಿಲ್ಲುವುದಂತೆ.

ರೋಗ ಅಷ್ಟಕ್ಕೇ ಮುಗಿದಿರಲಿಲ್ಲ. ಉಸ್ತಾದರು ಮೀಟರು ಹಿಡಿದು ತೋರಿಸಿದರು. ಬ್ಯಾಟರಿಯಲ್ಲಿದ್ದ ವೋಲ್ಟೇಜಿಗಿಂತ ಬಲ್ಬಿನ ಹೋಲ್ಡರಿನಲ್ಲಿ ಒಂದು ವೋಲ್ಟಿಗಿಂತ ಜಾಸ್ತಿಯೇ ಕಮ್ಮಿಯಿತ್ತು. ನಡುವೆ ತಂತಿಯೂ ಸ್ವಿಚ್ಚೂ ಹಸಿರು ಕಿಲುಬು ಹಿಡಿದ ಅರ್ತಿಂಗೂ ಕಮಿಷನ್ ಹೊಡೆದಿದ್ದವು. ಹ್ಯಾಲೊಜೆನ್ ಬಲ್ಬಿನ ಗುಣ ವಿಚಿತ್ರ. ಹನ್ನೆರಡರಲ್ಲಿ ಒಂದು ವೋಲ್ಟ್ ಹೋದರೆ ಬೆಳಕು ಹನ್ನೆರಡನೆಯ ಒಂದು ಪಾಲಲ್ಲ, ಹೆಚ್ಚುಕಡಿಮೆ ಕಾಲು ಭಾಗವೇ ಹೋಗುತ್ತದೆ. ಸರ್ಕಾರದ ದುಡ್ಡಿನ ಬಗ್ಗೆ ಹಿರಿಯರು ಹೇಳುವುದೂ ಇದನ್ನೇ.

‘ಹಂಗಾರ ದೊಡ್ಡ ಬಲ್ಬ್ ಹಾಕ್ರಲ್ಲ’ ಅಂದೆ. ನನ್ನದು 60/55 ವ್ಯಾಟಿನದು, ಅಂಗಡಿಯಲ್ಲಿ 100/90 ಸಿಗುತ್ತದೆ. ‘ಹಾಕ್ತೀನ್ರಿ. ಎರಡು ತಿಂಗಳಿಗೆ ಸ್ವಿಚ್ ಕರಗಿ ಕೈಗಿ ಬರ್ತದ, ಆವಾಗ ಮತ್ತ ಬರ್ರಿ’ ಎಂದರು. ಎಲ್‌ಇಡಿ? ಹ್ಯಾಲೊಜೆನ್ನಿಗೆಂದು ಮಾಡಿದ ಬಟ್ಟಲಿನಲ್ಲಿ ಅದನ್ನು ತುರುಕಿದರೆ ಬೆಳಕು ರಸ್ತೆಗೆ ಬೀಳದೆ ದಿಕ್ಕುದಿಕ್ಕಿಗೆ ಚೆದುರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ವ್ಯಾಪಾರ ಬೇಡವೆನ್ನುವ ಮೆಕ್ಯಾನಿಕ್ ಸಿಗುವುದು ಅಪರೂಪ. ಉಸ್ತಾದರು ಎರಡು ರಿಲೇ ಹಾಕಿ, ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ಕಿಲುಬು ಕೆರೆದು, ಅದೇ 60/55 ಬಲ್ಬನ್ನು ಹೊಸದಾಗಿ ಹಾಕಿದರು.

ಸಂಜೆ ಕಾರನ್ನು ಮಿಲ್ಲಿನ ಅದೇ ಗೋಡೆಗೆ ಐದು ಮೀಟರ್ ದೂರ ನಿಲ್ಲಿಸಿದರು. ಲೈಟಿನ ನಡುಮಟ್ಟದ ಎತ್ತರಕ್ಕೆ ಗೋಡೆಯ ಮೇಲೊಂದು ಚಾಕ್ ಗೆರೆ, ಅದಕ್ಕಿಂತ ಐದು ಸೆಂಟಿಮೀಟರ್ ಕೆಳಗೆ ಇನ್ನೊಂದು. ಡಿಪ್ಪರಿನ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ಕೂರಬೇಕು. ಎಡಗಡೆ ಮಾತ್ರ ಕೊಂಚ ಮೇಲೇರಬೇಕು, ರಸ್ತೆಯಂಚಿನ ಸೈಕಲ್ಲು, ಪಾದಚಾರಿ ಕಾಣುವುದಕ್ಕೆ. ಲೈಟಿನ ಹಿಂದಿನ ಸ್ಕ್ರೂ ತಿರುವುತ್ತ ತಿರುವುತ್ತ ಎರಡೂ ಕಣ್ಣನ್ನು ಗೆರೆಗೆ ತಂದರು. ವೇ ಬ್ರಿಡ್ಜಿನ ಹುಡುಗ ನೋಡಲು ಬಂದು ನನ್ನ ಗುರುತು ಹಿಡಿದು ನಕ್ಕ.

ಹೊಸ ಬೆಳಕಿನಲ್ಲಿ ರಸ್ತೆಯನ್ನು ನೋಡಿ ಸಂತೋಷಕ್ಕಿಂತ ಹೆಚ್ಚು ಗಾಬರಿಯಾಯಿತು. ಇಷ್ಟು ವರ್ಷ ಇಷ್ಟೆಲ್ಲ ಗುಂಡಿಗಳ ನಡುವೆ ಓಡಿಸಿದ್ದೆನೇ? ಅಲ್ಲಿಯವರೆಗೆ ಮೂವತ್ತೈದು, ನಲವತ್ತರ ಮೇಲೆ ಹೋಗದವನ ಕಾಲು ತಾನಾಗಿ ಒತ್ತಿತು, ಅರವತ್ತು, ಎಪ್ಪತ್ತು. ಅರವತ್ತರ ಓಟದಲ್ಲಿ ಕಾರು ಒಂದು ಸೆಕೆಂಡಿಗೆ ಹದಿನೇಳು ಮೀಟರ್ ಹೋಗುತ್ತದೆ. ಎಮ್ಮೆ ಕಂಡು, ಬುದ್ಧಿಗೆ ಹೊಳೆದು, ಕಾಲು ಬ್ರೇಕಿಗೆ ಹೋಗಿ, ಕಾರು ನಿಲ್ಲುವಷ್ಟರಲ್ಲಿ ನಲವತ್ತೈದು ಮೀಟರ್ ಬೇಕು. ಡಿಪ್ಪರ್ ಬೆಳಕು ಚೆನ್ನಾಗಿ ಕಾಣಿಸುವುದೂ ಸುಮಾರು ಅಷ್ಟೇ ದೂರ. ನೋಡಿ, ಮಂದ ದೀಪದಲ್ಲಿ ನಾನೆಷ್ಟು ಸಂಭಾವಿತನಾಗಿದ್ದೆ! ಹಾಗಂತ ಮಂದ ದೀಪವೇ ಮೇಲು ಎನ್ನುವಷ್ಟು ದಡ್ಡನಲ್ಲ. ಅವೊತ್ತು ಲಾರಿ ಬೇಳೆ ಮಿಲ್ಲಿಗೆ ಹೋಗದೆ ಕಲ್ಲಿನ ಕ್ವಾರಿಗೆ ಹೋಗಿದ್ದರೆ?

ಮುಂದಿನ ವಾರ ಕಮಲಾಪುರಕ್ಕೆ ಹೋಗಿ ಠೀವಿಯಿಂದ ಮರಳಿದೆ. ಡಿಕ್ಕಿಯಲ್ಲಿ ತೊಗರಿ ಚೀಲ, ಚೀಲದ ಮೇಲೆ ಗೊನೆ, ಹಿಂದಿನ ಸೀಟಿನಲ್ಲಿ ಅತ್ತೆಯವರು ಮತ್ತು ಅವರ ತಂಗಿ. ದಾರಿಯುದ್ದಕ್ಕೂ ಎದುರಿನವರೆಲ್ಲ ನನಗೆ ಅಪ್ಪರ್ ಡಿಪ್ಪರ್ ಹೊಡೆದೇ ಹೊಡೆದರು. ಹೊಸ ಲೈಟಿಗೆ ಸಲಾಮು ಅಂದುಕೊಂಡೆ. ಒಬ್ಬ ಲಾರಿಯವನು ತಲೆ ಹೊರಹಾಕಿ ಏನೋ ಅಂದ ಮೇಲೆ ಅದು ಸಲಾಮಲ್ಲ ಎಂದು ಖಾತ್ರಿಯಾಯಿತು. ನನ್ನ ಬೆಳಕು ಬೇವಿನ ಮರಗಳ ನೆತ್ತಿಯ ಮೇಲಿತ್ತು. ಗೂಗೆಗಳಿಗೆ ಭಾಳ ಅನುಕೂಲ ಆಗಿರಬೇಕು.

ಸಾಮಾನು ಇಳಿಸದೆ ಉಸ್ತಾದರ ಹತ್ತಿರ ಹೋದೆ. ಅವರು ಲೈಟು ಮುಟ್ಟಲಿಲ್ಲ, ಹಿಂದೆ ಹೋಗಿ ಡಿಕ್ಕಿ ತೆಗೆದರು. ಆಮೇಲೆ ಒಳಗೆ ಬಾಗಿ, ಸ್ಟೇರಿಂಗಿನ ಬಲಕ್ಕೆ, 0, 1, 2, 3 ಎಂದು ಬರೆದಿದ್ದ ಹಲ್ಲಿನ ಸಣ್ಣ ಗಾಲಿಯೊಂದನ್ನು ತಿರುವಿದರು. ಗೋಡೆಯ ಮೇಲಿದ್ದ ಬೆಳಕು ವಿಧೇಯವಾಗಿ ಕೆಳಗಿಳಿದು ಚಾಕ್ ಗೆರೆಗೆ ಕೂತಿತು. ಹಿಂದೆ ಭಾರ ಬಿದ್ದು ಕಾರಿನ ಮೂತಿ ಮೇಲೆದ್ದಾಗ ಲೈಟನ್ನು ತಗ್ಗಿಸುವ ಗಾಲಿ ಅದು. ಹದಿನಾಲ್ಕು ವರ್ಷ ಅದನ್ನು ಎಸಿಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದೆ. ಬೇಸಿಗೆಯಲ್ಲಿ 3ಕ್ಕೆ ತಿರುಗಿಸಿ, ‘ಈಗ ತಂಪಾತಲ್ಲ’ ಎಂದು ಹೆಂಡತಿಯನ್ನು ಕೇಳುತ್ತಲೂ ಇದ್ದೆ. ಆಕೆ ಹೌದೆನ್ನುತ್ತಿದ್ದಳು.

ಈಗ ಹೊರಡುವ ಮುಂಚೆ ಆ ಗಾಲಿಯನ್ನು ತಿರುವುವುದು ರೂಢಿಯಾಗುತ್ತಿದೆ, ಪೂರ್ತಿ ಆಗಿಲ್ಲ. ಆದ್ದರಿಂದ ಒಂದು ವಿನಂತಿ. ಸಂಕ್ರಾಂತಿಯ ಆಸುಪಾಸಿನ ರಾತ್ರಿಯಲ್ಲಿ ಕುರಿಕೋಟಾ ಸೇತುವೆಯ ಹತ್ತಿರ ಸಣ್ಣ ಕಾರೊಂದು ನಿಮ್ಮ ಕಣ್ಣಿಗೆ ಬೆಳಕು ಬಡಿದರೆ, ಬೈಯುವ ಮುಂಚೆ ಎರಡು ಸಲ ಡಿಪ್ಪರ್ ಹೊಡೆಯಿರಿ. ಡಿಕ್ಕಿಯಲ್ಲಿ ತೊಗರಿ ಇರುತ್ತದೆ, ನಾನು ಗಾಲಿ ಮರೆತಿರುತ್ತೇನೆ.