ನಕ್ಷತ್ರ ಒತ್ತಿದರೆ ಪಹಣಿ

ಆಡಳಿತ ರೈತನ ಬೆರಳ ತುದಿಗೆ ಬಂದಿದೆಯಂತೆ. ಬಂದಿದೆ, ನಿಜ. ಬೆರಳು ಮಾತ್ರ ಸೈಬರ್ ಸೆಂಟರ್ ಹುಡುಗನದು.

ಯಡಿಯೂರಿನ ತೆಂಗು ಬೆಳೆಗಾರನೊಬ್ಬ ತನ್ನದೇ ಜಮೀನಿನ ಪಹಣಿಯನ್ನು ಮೊಬೈಲಿನಲ್ಲಿ ನೋಡಹೊರಟ ಅಂದುಕೊಳ್ಳಿ. ಜಿಲ್ಲೆ ತುಮಕೂರು, ತಾಲ್ಲೂಕು ಕುಣಿಗಲ್, ಹೋಬಳಿ ಯಡಿಯೂರು. ಆಮೇಲೆ ಗ್ರಾಮ, ಸರ್ವೆ ನಂಬರು. ಇಲ್ಲಿಯವರೆಗೆ ಅವನಿಗೆ ಗೊತ್ತಿಲ್ಲದ್ದೇನೂ ಇಲ್ಲ. ಮುಂದಿನದು ‘ಸರ್‌ನಾಕ್’. ಒತ್ತಿದರೆ ಒಳಗೊಂದು ನಕ್ಷತ್ರ ಚಿಹ್ನೆ. ಎಷ್ಟೋ ಸರ್ವೆ ನಂಬರುಗಳಿಗೆ ಇರುವುದು ಅದೊಂದೇ. ಆದರೂ ಆರಿಸಲೇಬೇಕು. ಜನ್ಮನಕ್ಷತ್ರ ಕೇಳಿದ್ದರೆ ಹೇಳಿಬಿಡುತ್ತಿದ್ದ. ಅದು ದಾಟಿದರೆ ಹಿಸ್ಸಾ, ಅವಧಿ, ವರ್ಷ.

ಇಲಾಖೆ ಕಡತ ಹೇಗೆ ಜೋಡಿಸಿದೆಯೋ ಪರದೆಯೂ ಹಾಗೇ. ರೈತ ಹೇಗೆ ಹುಡುಕುತ್ತಾನೆ ಎಂದು ಕೇಳಿದವರಿಲ್ಲ.

ರೈತನನ್ನು ನೆನೆದು ಪರದೆ ಇಡುವುದು ಇಲಾಖೆಗೆ ಗೊತ್ತಿಲ್ಲವೆಂದಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ ಎರಡು ಪರದೆ. ಒಂದು ಸಿಬ್ಬಂದಿಗೆ, ಇನ್ನೊಂದು ರೈತನ ಕಡೆಗೆ. ಒಳಗೇನು ನಡೆದಿದೆ ಎಂದು ಅವನೂ ನೋಡಲಿ ಅಂತ. ಹೊರದೇಶದವರೂ ಹೊಗಳಿದರು. ಹೊಗಳಬೇಕಾದದ್ದೇ. ಈಗ ಪರದೆ ರೈತನ ಜೇಬಿನಲ್ಲೇ ಇದೆ. ಅದರ ಮೇಲಿರುವುದು ಮಾತ್ರ ಸಿಬ್ಬಂದಿಗೇ ಅರ್ಥವಾಗುವಂಥದ್ದು.

ಸರ್ಕಾರಿ ಜಾಲತಾಣಗಳ ಅಂದಚಂದ ಕೇಳಲೇಬೇಡಿ. ನೆತ್ತಿಯ ಮೇಲೆ ಮಂತ್ರಿಗಳ ಭಾವಚಿತ್ರ. ಕೆಳಗೆ ಓಡುವ ಅಕ್ಷರ. ಅದನ್ನು ಅಟ್ಟಿಸಿಕೊಂಡು ಓದುವಷ್ಟರಲ್ಲಿ ಸೆಷನ್ ಮುಗಿದಿರುತ್ತದೆ. ಮುಗಿದ ಸುದ್ದಿ ಇಂಗ್ಲಿಷಿನಲ್ಲಿ. 1963ರ ಕಾಯ್ದೆಯ ಪ್ರಕಾರ ಕನ್ನಡ ಆಡಳಿತ ಭಾಷೆ. ಸ್ವಾಗತಕ್ಕೆ ಕನ್ನಡ, ಬೈಗುಳಕ್ಕೆ ಇಂಗ್ಲಿಷ್. ಕ್ಯಾಪ್ಚಾ ಕೂಡ ಇಂಗ್ಲಿಷೇ. ಸೊಟ್ಟ ಅಕ್ಷರ ಓದಿದವನು ಮನುಷ್ಯ, ಓದದವನು ಯಂತ್ರ. ಕಣ್ಣಿಗೆ ಪೊರೆ ಬಂದ ಮುದುಕ ಖಂಡಿತ ಯಂತ್ರ.

ಕೇಳಿದರೆ ಉತ್ತರ ಸಿದ್ಧ: ‘ರೈತರಿಗೆ ಡಿಜಿಟಲ್ ಸಾಕ್ಷರತೆ ಸಾಲದು.’ ಇದೇ ರೈತ ಫೋನ್‌ಪೇಯಲ್ಲಿ ಗೊಬ್ಬರದ ದುಡ್ಡು ಕಳಿಸುತ್ತಾನೆ. ವಾಟ್ಸಾಪಿನಲ್ಲಿ ತಿಪಟೂರಿನ ಕೊಬ್ಬರಿ ದರ ವಿಚಾರಿಸುತ್ತಾನೆ. ಯೂಟ್ಯೂಬಿನಲ್ಲಿ ನಾಟಕ ನೋಡುತ್ತಾನೆ. ಯಾವ ಕಾರ್ಯಾಗಾರದಲ್ಲಿ ಕಲಿತ? ಅಲ್ಲಿ ಗ್ರಾಹಕ ಬೇಸತ್ತು ಬಿಟ್ಟುಹೋದರೆ ಕಂಪನಿಗೆ ನಷ್ಟ. ಇಲ್ಲಿ ರೈತ ಬೇಸತ್ತರೆ ಯಾರ ಸಂಬಳವೂ ನಿಲ್ಲುವುದಿಲ್ಲ.

ಪರಿಹಾರಕ್ಕೆ ಸಮಿತಿ ಬೇಡ. ಮುಂದಿನ ಆ್ಯಪ್ ಉದ್ಘಾಟನೆಯಲ್ಲಿ ಮಂತ್ರಿಗಳು ಸುಮ್ಮನೆ ಗುಂಡಿ ಒತ್ತಿ ಕೈ ಬೀಸುವುದು ಬೇಡ. ಅದೇ ವೇದಿಕೆಯಲ್ಲಿ, ಎಲ್ಲರೆದುರು, ತಮ್ಮ ಜಮೀನಿನ ಒಂದು ಪಹಣಿ ತೆಗೆದು ತೋರಿಸಲಿ. ಆಪ್ತ ಸಹಾಯಕರು ಕೆಳಗೇ ಕೂತಿರಲಿ. ಸರ್ವೆ ನಂಬರುಗಳಿಗಂತೂ ಮಂತ್ರಿಗಳಲ್ಲಿ ಬರವಿಲ್ಲ.