ಸಾಸಿವೆ ಡಬ್ಬಿಗೆ ಕೆವೈಸಿ ಇಲ್ಲ

ಡಬ್ಬಿಯಲ್ಲಿಟ್ಟ ದುಡ್ಡು ಬೆಳೆಯುವುದಿಲ್ಲ ಎಂದು ಮೂವತ್ತು ವರ್ಷಗಳಿಂದ ಹೆಂಡತಿಗೆ ಪಾಠ ಹೇಳುತ್ತಾ ಬಂದವನು ನಾನೇ. ಅವಳ ಬ್ಯಾಂಕು ಇರುವುದು ಅಡುಗೆಮನೆಯಲ್ಲಿ, ಎರಡನೇ ಸಾಲಿನ ಸಾಸಿವೆ ಡಬ್ಬಿಯೊಳಗೆ. ಅದಕ್ಕೆ ಭಾನುವಾರದ ರಜೆಯಿಲ್ಲ, ಎರಡನೇ ಶನಿವಾರವಿಲ್ಲ, ಸರ್ವರ್ ಡೌನ್ ಆದದ್ದನ್ನು ನಾನಂತೂ ಕಂಡಿಲ್ಲ. ಕಳೆದ ವಾರ ಅವಳಿಗೆ ಏನನ್ನಿಸಿತೋ, ಡಬ್ಬಿ ಬಗ್ಗಿಸಿ 12,400 ರೂಪಾಯಿ ಎಣಿಸಿ ನನ್ನ ಕೈಗಿಟ್ಟಳು. "ತಗೊಳ್ರೀ, ನಿಮ್ಮ ಎಸ್‌ಬಿ ಅಕೌಂಟಿಗೇ ಹಾಕ್ಬಿಟ್ಟು ಬನ್ನಿ. ಅದೇನು ಬೆಳೆಯುತ್ತೋ ನೋಡೇ ಬಿಡೋಣ."

ಗೆದ್ದವನ ಗತ್ತಿನಲ್ಲಿ ಹೊರಟೆ. ಬ್ಯಾಂಕಿಗೆ ದುಡ್ಡು ಕೇಳಲು ಹೋಗುವವನು ಕೈಕಟ್ಟಿ ನಿಲ್ಲಬೇಕು, ಕೊಡಲು ಹೋಗುವವನಿಗೆ ಕುರ್ಚಿ ಹಾಕುತ್ತಾರೆ ಎಂಬ ಭ್ರಮೆ ನನಗಿತ್ತು. ಬಾಗಿಲಲ್ಲೇ ಸೆಕ್ಯುರಿಟಿಯವನು ತಡೆದು, "ಚಲನ್ ತುಂಬಿದ್ದೀರಾ?" ಎಂದ. ಚಲನ್ ಇಡುವ ಗೂಡಿನಲ್ಲಿ ಇಂಗ್ಲಿಷು ಇತ್ತು, ಹಿಂದಿ ಇತ್ತು. ಕನ್ನಡದ್ದು ಎಲ್ಲಿ ಎಂದು ಕೇಳಿದ್ದಕ್ಕೆ, "ಅದು ಖಾಲಿಯಾಗಿದೆ ಸರ್, ತುಂಬ ಜನ ತಗೊಳ್ತಾರೆ" ಎಂದ. ತುಂಬ ಜನ ತೆಗೆದುಕೊಳ್ಳುವುದನ್ನೇ ಕಡಿಮೆ ಅಚ್ಚು ಹಾಕಿಸುವ ಈ ಜಾಣತನಕ್ಕೆ ಬ್ಯಾಂಕಿಂಗ್ ಭಾಷೆಯಲ್ಲಿ ಏನನ್ನುತ್ತಾರೋ. ಮೇಜಿನ ಮೇಲೆ ಪೆನ್ನಿಗೆ ಕಟ್ಟಿದ್ದ ದಾರ ಮಾತ್ರ ಉಳಿದಿತ್ತು. ಪೆನ್ನು ಬಹುಶಃ ಲಂಡನ್ನಿಗೆ ಹೋಗಿ ನೆಲೆಸಿರಬೇಕು.

ಪಕ್ಕದವರ ಪೆನ್ನು ಸಾಲ ಪಡೆದು (ಬಡ್ಡಿ ಕೇಳಲಿಲ್ಲ, ಜಾಮೀನೂ ಕೇಳಲಿಲ್ಲ) ಬರೆದೆ. ಐನೂರರ ನೋಟು 18, ಇನ್ನೂರರದು 9, ನೂರರದು 13, ಹತ್ತರ ನಾಣ್ಯ 30. ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ. ಅದೇ ವಿವರವನ್ನು ಎಡಗಡೆಯ ಕೌಂಟರ್‌ಫಾಯಿಲ್‌ನಲ್ಲಿ ಮತ್ತೊಮ್ಮೆ, ಎರಡು ಸಹಿ. ಜಾತಕ ಬರೆಸುವಾಗಲೂ ಇಷ್ಟು ಮನೆಗಳನ್ನು ತುಂಬಿದ ನೆನಪಿಲ್ಲ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಗಾಜಿನ ಕಿಂಡಿ ತಲುಪಿದಾಗ ಒಳಗಿನ ಹುಡುಗಿ ಚಲನ್ನು ನೋಡದೆಯೇ ಹೇಳಿದಳು: "ಐವತ್ತು ಸಾವಿರದೊಳಗೆ ಇದ್ರೆ ಮೆಷಿನ್‌ಗೆ ಹಾಕಿ ಅಂಕಲ್."

ಮೊತ್ತ ಇನ್ನೂ ಹೆಚ್ಚಿದ್ದರೆ? ಮಿತಿ ದಾಟಿದ ನಗದು ಜಮೆಗೆ ಪ್ಯಾನ್ ಕೊಡಬೇಕು. ವರ್ಷಕ್ಕೆ 10 ಲಕ್ಷ ಮುಟ್ಟಿದರೆ ಬ್ಯಾಂಕೇ ಆದಾಯ ತೆರಿಗೆಯವರ ಕಿವಿಯಲ್ಲಿ ಹೇಳಬೇಕು. ಅಂದರೆ ದೊಡ್ಡ ಮೊತ್ತಕ್ಕೆ ಅನುಮಾನ, ಸಣ್ಣದಕ್ಕೆ ಅಸಡ್ಡೆ. ಅಷ್ಟರಲ್ಲಿ ಅವಳು ಪರದೆ ನೋಡಿ, "ನಿಮ್ಮ ಕೆವೈಸಿ ಡ್ಯೂ ಇದೆ" ಎಂದಳು. ಇದೇ ಶಾಖೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಖಾತೆ ಇಟ್ಟವನು ನಾನು. ನನ್ನ ಜನ್ಮದಿನಾಂಕ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಎಲ್ಲವನ್ನೂ ಒಪ್ಪಿಸಿ ಒಟಿಪಿ ಕೇಳುವ ಫೋನಿನ ಅಪರಿಚಿತನಿಗೆ ನಾನು ಯಾರೆಂದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ನನ್ನ ಬ್ಯಾಂಕಿಗೆ ಮಾತ್ರ.

ಮೆಷಿನ್ನಿನ ಮುಂದೆ ನಿಂತೆ. ಅದು ನೋಟುಗಳನ್ನು ನುಂಗಿತು, ಗಡಗಡ ಎಂದಿತು, ಯೋಚಿಸಿತು, ಐದನ್ನು ಹೊರಕ್ಕೆ ಉಗುಳಿತು. ಮತ್ತೆ ಹಾಕಿದೆ, ಮತ್ತೆ ಉಗುಳಿತು. ಮೂರು ಐನೂರರ ನೋಟುಗಳಿಗೆ ಅರಿಶಿನದ ಕಲೆ, ಎರಡು ನೂರರವಕ್ಕೆ ವಯಸ್ಸಾಗಿತ್ತು. ಹಿಂದೆ ನಿಂತಿದ್ದ ಪಿಂಚಣಿಯ ಅಜ್ಜಿ, "ಅದಕ್ಕೆ ಒಗ್ಗರಣೆ ವಾಸನೆ ಆಗಲ್ಲ ಕಣಪ್ಪಾ" ಎಂದಿತು. ನಾಣ್ಯವನ್ನಂತೂ ಅದು ಮೂಸಿಯೂ ನೋಡುವುದಿಲ್ಲ. ನಾಣ್ಯ ಬೇಡವೆನ್ನಬೇಡಿ ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಮತ್ತೆ ಮತ್ತೆ ಹೇಳಿದೆ, ನಿಜ. ಆ ಸುತ್ತೋಲೆ ಮೆಷಿನ್ನಿಗೆ ತಲುಪಿಲ್ಲ. ಕೌಂಟರಿಗೆ ಹೋದರೆ ಮತ್ತದೇ ಸಾಲು, ಮತ್ತೊಂದು ಚಲನ್. ಅಂತೂ 10,400 ಒಳಕ್ಕೆ ಹೋಯಿತು, 2,000 ನನ್ನ ಜೇಬಿನಲ್ಲೇ ಉಳಿಯಿತು.

ಆಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಅದನ್ನು ಮಾಡಬಾರದಿತ್ತು.

ಉಳಿತಾಯ ಖಾತೆಗೆ ಈಗ ಹಲವು ದೊಡ್ಡ ಬ್ಯಾಂಕುಗಳು ಕೊಡುವ ಬಡ್ಡಿ ಶೇ 2.5. ದರವನ್ನು ಬ್ಯಾಂಕುಗಳೇ ಗೊತ್ತು ಮಾಡಿಕೊಳ್ಳಲಿ, ಪೈಪೋಟಿಯಾಗಿ ಗ್ರಾಹಕನಿಗೆ ಲಾಭವಾಗಲಿ ಎಂದು ರಿಸರ್ವ್ ಬ್ಯಾಂಕು 2011ರ ಅಕ್ಟೋಬರಿನಲ್ಲಿ ಹಗ್ಗ ಬಿಚ್ಚಿತು. ಆಗ ದರ ಶೇ 4 ಇತ್ತು. ಪೈಪೋಟಿ ಯಾವ ದಿಕ್ಕಿಗೆ ನಡೆಯಿತೆಂಬುದು ಅಂಕಿಯಲ್ಲೇ ಇದೆ. ಸರಿ, ಖಾತೆಯಲ್ಲಿ ವರ್ಷವಿಡೀ 10,000 ರೂಪಾಯಿಯನ್ನು ಮುಟ್ಟದೆ ಇಟ್ಟಿರಿ ಎನ್ನಿ. ಬಡ್ಡಿ 250. ನನ್ನ ಪಾಸ್‌ಬುಕ್ಕಿನ ಪ್ರಕಾರ ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ 200, ಜಿಎಸ್‌ಟಿ ಸೇರಿ 236. ಎಸ್ಸೆಮ್ಮೆಸ್ಸಿಗೆ ಮೂರು ತಿಂಗಳಿಗೆ 15, ಜಿಎಸ್‌ಟಿ ಸೇರಿ ವರ್ಷಕ್ಕೆ 70 ರೂಪಾಯಿ 80 ಪೈಸೆ. ಒಟ್ಟು 306.80. ಹತ್ತು ಸಾವಿರವನ್ನು ವರ್ಷಕಾಲ ಉಳಿಸಿದ ತಪ್ಪಿಗೆ ನಾನು ತೆತ್ತದ್ದು 56 ರೂಪಾಯಿ 80 ಪೈಸೆ. ದುಡ್ಡು ಕಡಿತವಾಗಿದೆ ಎಂದು ತಿಳಿಸುವ ಎಸ್ಸೆಮ್ಮೆಸ್ಸಿಗೂ ದುಡ್ಡು ನನ್ನದೇ. ಗಲ್ಲಿಗೇರುವವನ ಹತ್ತಿರವೇ ಹಗ್ಗದ ಖರ್ಚು ವಸೂಲಿ ಮಾಡಿದ ಹಾಗೆ.

ಇನ್ನು ಮಿನಿಮಮ್ ಬ್ಯಾಲೆನ್ಸ್. ಈ ಲೆಕ್ಕ ಕಂಡುಹಿಡಿದವನ ಕಾಲಿಗೆ ಬೀಳಬೇಕು. ತಿಂಗಳ ಸರಾಸರಿ 5,000 ಇರಬೇಕು ಎನ್ನಿ. ಉಳ್ಳವನೊಬ್ಬ ಒಂದೇ ಒಂದು ದಿನ ಒಂದೂವರೆ ಲಕ್ಷ ಇಟ್ಟು, ಉಳಿದ ಇಪ್ಪತ್ತೊಂಬತ್ತು ದಿನ ಖಾತೆಯನ್ನು ಗುಡಿಸಿ ಸಾರಿಸಿದರೂ ಸರಾಸರಿ ಸರಿಯಾಗಿ 5,000. ಅವನು ಮರ್ಯಾದಸ್ಥ. ಹೂ ಮಾರುವಾಕೆ ತಿಂಗಳಿಡೀ ಒಂದು ದಿನವೂ ತಪ್ಪದೆ 4,900 ಕಾಪಾಡಿಕೊಂಡಳೋ, ಅವಳು ತಪ್ಪಿತಸ್ಥೆ. ದಂಡ ಅವಳಿಗೆ. ಹಾಗೆ ನೂರು ಇನ್ನೂರು ಕೀಳುತ್ತಾ 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಕೂಡಿಹಾಕಿದ್ದು ಸುಮಾರು 8,500 ಕೋಟಿ ರೂಪಾಯಿ. ಸರ್ಕಾರವೇ ಸಂಸತ್ತಿಗೆ ಒಪ್ಪಿಸಿದ ಲೆಕ್ಕ ಇದು. ದುಡ್ಡು ಇಲ್ಲದವರಿಂದ ಇಷ್ಟು ದುಡ್ಡು ಎಬ್ಬಿಸಬಹುದೆಂದು ಯಾವ ಅರ್ಥಶಾಸ್ತ್ರಜ್ಞನಿಗೂ ಹೊಳೆದಿರಲಿಲ್ಲ. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿ ಈ ದಂಡ ಕೈಬಿಟ್ಟವು, ಆ ಪುಣ್ಯ ಅವಕ್ಕಿರಲಿ. ಅದಾಗಿ ಎರಡೇ ತಿಂಗಳಿಗೆ ದೊಡ್ಡದೊಂದು ಖಾಸಗಿ ಬ್ಯಾಂಕು ಮಹಾನಗರಗಳ ಹೊಸ ಖಾತೆಗಳಿಗೆ ಸರಾಸರಿ 50,000 ಎಂದಿತು. ಜನ ಬೊಬ್ಬೆ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ 15,000ಕ್ಕೆ ಇಳಿಯಿತು. ತರಕಾರಿ ಮಾರ್ಕೆಟ್ಟಿನಲ್ಲಿ ಬದನೆಕಾಯಿಗೂ ಇಷ್ಟು ಚೌಕಾಸಿ ನಡೆಯುವುದಿಲ್ಲ.

ನಾನು ಈ ಹೊತ್ತಿನಲ್ಲಿ ಉಡುಪಿಯನ್ನು ನೆನೆಯದೆ ಇರಲಾರೆ. ಅಲ್ಲಿ 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಮಳೆಗಾಲದಲ್ಲಿ ಕೊಡೆ ಹಿಡಿದು ಬಂದ ಪಿಗ್ಮಿಯವನನ್ನು ಜಗಲಿಯಲ್ಲಿ ಕೂರಿಸಿ ಕಾಪಿ ಕೊಟ್ಟ ಮನೆಗಳು ಕರಾವಳಿಯಲ್ಲಿ ಲೆಕ್ಕವಿಲ್ಲದಷ್ಟು. ಎರಡಾಣೆಗಾಗಿ ಬ್ಯಾಂಕು ನಡೆದುಕೊಂಡು ಬರುತ್ತಿದ್ದ ಜಿಲ್ಲೆ ಅದು. ಕೆನರಾ, ಕಾರ್ಪೊರೇಷನ್, ವಿಜಯಾ, ಎಲ್ಲ ಹುಟ್ಟಿದ್ದು ಅಲ್ಲೇ ಆಸುಪಾಸಿನಲ್ಲಿ. ಈಗ ವಿಜಯಾ ಬರೋಡಾದೊಳಗೆ, ಕಾರ್ಪೊರೇಷನ್ ಯೂನಿಯನ್ನಿನೊಳಗೆ, ಸಿಂಡಿಕೇಟ್ ಕೆನರಾದೊಳಗೆ. ಸರ್ ಎಂ.ವಿ. ಅವರ ಕಾಲದ ಮೈಸೂರು ಬ್ಯಾಂಕು 2017ರಿಂದ ಬೆಂಗಳೂರಿನಲ್ಲಿ ಒಂದು ಸರ್ಕಲ್ಲಿನ ಹೆಸರು ಮಾತ್ರ.

ಅದೇ ಪಿಗ್ಮಿಯ ಹುಮ್ಮಸ್ಸಿನಲ್ಲಿ ಯಾರಾದರೂ ಇವತ್ತು ನನ್ನ ಬ್ಯಾಂಕಿಗೆ ದಿನಾ ಹತ್ತು ರೂಪಾಯಿ ಹಾಕಹೊರಟರೆ? ತಿಂಗಳಿಗೆ ಮೂರು ಸಲ ನಗದು ಜಮೆ ಉಚಿತ. ನಾಲ್ಕನೆಯದರಿಂದ ಸಲಕ್ಕೆ 50 ರೂಪಾಯಿ, ಜಿಎಸ್‌ಟಿ ಸೇರಿ 59. ಬ್ಯಾಂಕು ತೆರೆದಿರುವ ಇಪ್ಪತ್ತೈದು ದಿನ ಹಾಕಿದರೆ ಉಳಿತಾಯ 250, ಶುಲ್ಕ 1,298. ತೆಗೆದರೆ ಶುಲ್ಕವೆಂದರೆ ಅರ್ಥವಾಗುತ್ತದೆ. ಹುಂಡಿಗೆ ಕಾಣಿಕೆ ಹಾಕಿದ್ದಕ್ಕೆ ದೇವಸ್ಥಾನದವರು ಬಿಲ್ಲು ಕೊಟ್ಟ ಹಾಗಿದೆ ಇದು.

ಇದೆಲ್ಲ ಬೇಡವೆಂದು ಸುಮ್ಮನಿದ್ದು ನೋಡಿ. ಎರಡು ವರ್ಷ ಹಾಕದೆ ತೆಗೆಯದೆ ಇದ್ದರೆ ಖಾತೆ ನಿದ್ದೆ ಹೋಯಿತೆಂದು ಘೋಷಣೆ. ಬ್ಯಾಂಕು ತಾನೇ ಜಮಾ ಮಾಡಿದ ಬಡ್ಡಿ ವ್ಯವಹಾರವೆಂದು ಲೆಕ್ಕಕ್ಕಿಲ್ಲ, ನೀವೇ ಮಿಸುಕಬೇಕು. ಹತ್ತು ವರ್ಷ ಕಳೆದರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2024ರ ಮಾರ್ಚ್ ಕೊನೆಗೆ ಅಲ್ಲಿ ಹೀಗೆ ಸೇರಿದ ಅನಾಥ ಹಣ 78,000 ಕೋಟಿ ದಾಟಿತ್ತು. ನಿಧಿಯ ಹೆಸರು ಠೇವಣಿದಾರರ ಶಿಕ್ಷಣ ಮತ್ತು ಅರಿವು. ಮರೆತವರ ದುಡ್ಡಿನಲ್ಲಿ ಮರೆಯಬೇಡಿ ಎಂದು ಪಾಠ. ಹುಡುಕಿಕೊಳ್ಳಲು 2023ರಿಂದ 'ಉದ್ಗಮ್' ಎಂಬ ಪೋರ್ಟಲ್ ಇದೆ, ತೀರಿಹೋದ ನಿಮ್ಮ ಅಪ್ಪನ ಹೆಸರು ಹಾಕಿ ನೋಡಿ, ತಮಾಷೆಗೆ ಹೇಳುತ್ತಿಲ್ಲ. ನಾಮಿನಿಯನ್ನೂ ಬರೆಸಿ. 2025ರ ನವೆಂಬರಿನಿಂದ ನಾಲ್ವರ ಹೆಸರು ಬರೆಸಬಹುದು. ನನ್ನ 10,400ಕ್ಕೆ ನಾಲ್ಕು ಜನ ಜಗಳವಾಡುವ ಭಾಗ್ಯ ನನಗಿಲ್ಲ.

ಮನೆಗೆ ಬಂದು ಉಳಿದ 2,000 ರೂಪಾಯಿ ಹೆಂಡತಿಯ ಮುಂದಿಟ್ಟೆ. ಅವಳು ಅರಿಶಿನದ ನೋಟನ್ನು ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿ, ನಾಣ್ಯಗಳ ಜೊತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಚಲನ್ ತುಂಬಬೇಕಾ?" ಎಂದಳು. ನಾನು ಮಾತಾಡಲಿಲ್ಲ.

ನಿಮ್ಮ ಪಾಸ್‌ಬುಕ್ ಎಂಟ್ರಿಯಾಗಿ ಎಷ್ಟು ಕಾಲವಾಯಿತು? ನಾಳೆಯೇ ಹೋಗಿ ಮಾಡಿಸಿ. 'ಚಾರ್ಜಸ್' ಎಂದು ಕಂಡ ಪ್ರತಿ ಸಾಲಿಗೂ ಅಡಿಗೆರೆ ಎಳೆದು, ಇದು ಯಾತಕ್ಕೆಂದು ಮ್ಯಾನೇಜರನ್ನು ಕೇಳಿ. ಗೆರೆ ಎಳೆಯಲು ಪೆನ್ನು ಮಾತ್ರ ಮನೆಯಿಂದಲೇ ಒಯ್ಯಿರಿ.