ಮೇಲ್ ಬರಲಿಲ್ಲ ಸಾರ್

ನಾಟಕದ ತಾಲೀಮು ತಪ್ಪಿಸುವವರಿಗೆ ಹಿಂದೆಲ್ಲ ಜ್ವರ ಬರುತ್ತಿತ್ತು. ಈಗ ಮೇಲ್ ಬರುವುದಿಲ್ಲ. ಜ್ವರವಾದರೆ ಹಣೆ ಮುಟ್ಟಿ ನೋಡಬಹುದಿತ್ತು. ಬಾರದ ಮೇಲನ್ನು ಎಲ್ಲಿ ಮುಟ್ಟುವುದು? ಮೈಸೂರಿನ ನಮ್ಮ ಹವ್ಯಾಸಿ ತಂಡಕ್ಕೊಂದು ಜಾಲತಾಣ ಇದೆ. ಅದು ಕೂತಿರುವುದು ತಿಂಗಳ ಬಾಡಿಗೆಯ ಸರ್ವರ್ ಮೇಲೆ. ಆ ಸರ್ವರ್ ನೋಡಿಕೊಳ್ಳುವವನು ನಾನು. ತಾಲೀಮಿನ ದಿನ, ಹೊತ್ತು, ಜಾಗ ಎಲ್ಲ ಅಲ್ಲಿಂದಲೇ ಮೇಲಾಗಿ ಹೋಗಬೇಕು. ಹೀಗಾಗಿ ದುಶ್ಶಾಸನ ಗೈರುಹಾಜರಾದರೆ ದ್ರೌಪದಿಯ ಕೆಂಗಣ್ಣು ನನ್ನ ಮೇಲೆ.

ಎಲ್ಲರಂತೆ ಪುಕ್ಕಟೆ ಮೇಲ್ ಸೇವೆ ಸಾಕಾಗಿತ್ತು. "ತಂಡದ ಹೆಸರಲ್ಲೇ ಕಾಗದ ಹೋಗ್ಬೇಕಯ್ಯಾ, ಅದೊಂದು ಘನತೆ" ಎಂದವರು ಅಧ್ಯಕ್ಷರಾದ ರಾಯರು. ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕಾಗದ ಒಂದೂರಿಂದ ಇನ್ನೊಂದೂರಿಗೆ ಹೋಗುವುದು ಅವರ ಪಾಲಿಗೆ ತಂತ್ರಜ್ಞಾನವಲ್ಲ, ಧರ್ಮ.

ನಮ್ಮ ಸರ್ವರ್‌ನಲ್ಲಿ ಅಂಚೆ ಹೊರುವ ತಂತ್ರಾಂಶ ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಎಂಬಾತ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ ಬರೆದದ್ದು, 1998ರಲ್ಲಿ ಹೊರಬಂತು. ಸುಳ್ಳು ಹೇಳುವ ಜಾಯಮಾನದ್ದಲ್ಲ. ಆದರೆ ನಿಜವನ್ನು ಲಾಗ್ ಕಡತಕ್ಕೆ ಮಾತ್ರ ಹೇಳುತ್ತದೆ, ಅದೂ ಬಾಯ್ತುಂಬ ಅಂಕಿ ಇಟ್ಟುಕೊಂಡು. ಹೋಗದ ಮೇಲನ್ನು ಸರತಿಯಲ್ಲಿ ನಿಲ್ಲಿಸಿ, ನಾವಾಗಿ ಬದಲಿಸದಿದ್ದರೆ 5 ದಿನ ಪ್ರಯತ್ನಿಸುತ್ತಲೇ ಇರುತ್ತದೆ. ಆಮೇಲೆ ಮೇಲರ್ ಡೀಮನ್ ಎಂಬ ಹೆಸರಿನಲ್ಲಿ ವಿಷಾದ ಪತ್ರ ಬರೆಯುತ್ತದೆ. ಸೋಮವಾರದ ತಾಲೀಮಿನ ಕರೆ ತಲುಪಲಿಲ್ಲವೆಂದು ಶನಿವಾರ ವಿಷಾದ.

ಮೊದಲ ಅಡ್ಡಗೋಡೆ 25ನೇ ಪೋರ್ಟು. ಸರ್ವರ್‌ನಿಂದ ಸರ್ವರ್‌ಗೆ ಅಂಚೆ ದಾಟುವ ಬಾಗಿಲು ಅದೊಂದೇ. ಸರ್ವರ್ ಬಾಡಿಗೆಗೆ ಕೊಡುವ ಕಂಪನಿಗಳಲ್ಲಿ ಹಲವು ಆ ಬಾಗಿಲನ್ನು ಹೊರಕ್ಕೆ ಮುಚ್ಚಿಟ್ಟೇ ಕೀಲಿ ಕೊಡುತ್ತವೆ, ಸ್ಪ್ಯಾಮ್ ಕಳುಹಿಸುವವರ ಕಾಟಕ್ಕೆ. ಟೆಲ್ನೆಟ್ ಹಾಕಿದರೆ ಬೈಗುಳವೂ ಇಲ್ಲ, ಬಾ ಎನ್ನುವುದೂ ಇಲ್ಲ. ಕೊನೆಗೊಂದು "ಟೈಮ್ಡ್ ಔಟ್". ಕಂಪನಿಗೆ ಬರೆದೆ. ಯಾರಿಗೆ ಕಳುಹಿಸುತ್ತೀರಿ, ಎಷ್ಟು, ಯಾಕೆ ಎಂದು ಕೇಳಿದರು. ದುಶ್ಶಾಸನನನ್ನು ಹೊತ್ತಿಗೆ ಸರಿಯಾಗಿ ಕರೆಸಲು ಎಂದು ಇಂಗ್ಲಿಷಿನಲ್ಲಿ ಬರೆಯುವುದು ಸುಲಭವಲ್ಲ. ಅಂತೂ ತೆರೆದರು.

ತೆರೆದ ಬಾಗಿಲಿಂದ ಹೊರಟ ಮೊದಲ ಮೇಲಿಗೇ ಎದುರುಮನೆಯ ಉತ್ತರ 554: ನಿಮ್ಮ ವಿಳಾಸ ಕಪ್ಪುಪಟ್ಟಿಯಲ್ಲಿದೆ. ನಮಗೆ ಬಂದ ಐಪಿ ವಿಳಾಸ ಹಿಂದೆ ಯಾವ ಪುಣ್ಯಾತ್ಮನ ಕೈಯಲ್ಲಿತ್ತೋ, ಅಲ್ಲಿಂದ ಯಾವ ಮಾತ್ರೆ ಮಾರಿದನೋ! ನಾವು ಬೇರೆಯವರು, ಸಭ್ಯರು, ನಾಟಕದವರು ಎಂದು ಅರ್ಜಿ ಹಾಕಿ ಹೆಸರು ತೆಗೆಸಿದ್ದಾಯಿತು. (ಸಭ್ಯತೆಗೆ ಸಾಕ್ಷಿಯಾಗಿ ನಾಟಕ ಎಂಬ ಪದ ಬಳಸಿದ್ದು ನಮ್ಮ ತಾತನಿಗೆ ಗೊತ್ತಾಗಿದ್ದರೆ ನಗುತ್ತಿದ್ದರು.) ಆಮೇಲೆ ರಿವರ್ಸ್ ಡಿಎನ್‌ಎಸ್. ಹೆಸರಿನಿಂದ ಐಪಿ ಸಿಕ್ಕರೆ ಸಾಲದು, ಐಪಿ ಹಿಡಿದು ಕೇಳಿದರೂ ಅದೇ ಹೆಸರು ಬರಬೇಕು.

ಇಷ್ಟೆಲ್ಲ ಅನುಮಾನ ಯಾಕೆಂದರೆ, ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಅಂಚೆ ನಿಯಮದಲ್ಲಿ ಅನುಮಾನವೇ ಇರಲಿಲ್ಲ. ಕಳುಹಿಸುವವನು ತಾನು ಯಾರೆಂದರೆ ಅವನೇ. ಜಗತ್ತು ಆ ನಂಬಿಕೆಯನ್ನು ಹೇಗೆ ಉಳಿಸಿಕೊಂಡಿತೆಂದು ಎಲ್ಲರ ಸ್ಪ್ಯಾಮ್ ಪೆಟ್ಟಿಗೆಯೂ ಹೇಳುತ್ತದೆ. ಹಾಗಾಗಿ ಆಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂದು ಒಂದರ ಹಿಂದೊಂದು ಪ್ರಮಾಣಪತ್ರಗಳು. ಇವುಗಳಲ್ಲಿ ಡಿಕಿಮ್ ನನ್ನ ನಿದ್ದೆ ತಿಂದದ್ದು. 2048 ಬಿಟ್‌ನ ಕೀಲಿಯನ್ನು ಅಕ್ಷರದಲ್ಲಿ ಬರೆದರೆ 392 ಆಗುತ್ತದೆ. ಡಿಎನ್‌ಎಸ್‌ನಲ್ಲಿ ಒಂದು ತುಂಡಿಗೆ 255ರ ಮೇಲೆ ಹಿಡಿಸುವುದಿಲ್ಲ, ಎರಡಾಗಿ ಮುರಿದು ಹಾಕಬೇಕು. ನಮ್ಮ ಹೆಸರು ನೋಂದಾಯಿಸಿದ ಕಂಪನಿಯ ಫಾರಂ ಇಡೀ ಕೀಲಿಯನ್ನು ನಗುನಗುತ್ತಾ ತೆಗೆದುಕೊಂಡು, ಬಾಲ ಕತ್ತರಿಸಿ, "ಯಶಸ್ವಿಯಾಗಿ ಉಳಿಸಲಾಗಿದೆ" ಎಂದು ಹಸಿರು ಪಟ್ಟಿ ತೋರಿಸಿತು. ಹಸಿರು ಪಟ್ಟಿಗಳ ಮೇಲೆ ಅಂದಿನಿಂದ ನನಗೆ ಗೌರವ ಕಡಿಮೆ.

ಇನ್ನು ಕೆಲವು ಸರ್ವರ್‌ಗಳು ಇಲ್ಲ ಎನ್ನುವುದಿಲ್ಲ, 451 ಎನ್ನುತ್ತವೆ. ಈಗ ಆಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ. ಇದಕ್ಕೆ ಗ್ರೇಲಿಸ್ಟಿಂಗ್ ಎನ್ನುತ್ತಾರೆ, 2003ರಲ್ಲಿ ಇವಾನ್ ಹ್ಯಾರಿಸ್ ಮುಂದಿಟ್ಟ ಉಪಾಯ. ನಮ್ಮ ಕಡೆ ಹಳೆಯ ಬಾಗಿಲುಗಳ ಮೇಲೆ ದೆವ್ವಕ್ಕೆಂದು ಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿರುತ್ತಿದ್ದರಲ್ಲ, ಅದೇ ಇದು. ಒಂದೇ ವ್ಯತ್ಯಾಸ. ನಮ್ಮ ದೆವ್ವ ಮಾತಿಗೆ ಕಟ್ಟುಬಿದ್ದು ದಿನಾ ಬಂದು ಓದಿಕೊಂಡು ಹೋಗುತ್ತಿತ್ತು. ಸ್ಪ್ಯಾಮ್ ಸುರಿಯುವ ಪ್ರೋಗ್ರಾಮಿಗೆ ಅಷ್ಟು ವ್ಯವಧಾನ ಇರುವುದಿಲ್ಲ, ಒಮ್ಮೆ ತಟ್ಟಿ ಮುಂದಿನ ಮನೆಗೆ ನಡೆಯುತ್ತದೆ. ಮರಳಿ ಬರುವವರು ಮರ್ಯಾದಸ್ಥರು ಮಾತ್ರ. ದೆವ್ವದ ಗುಣ ಇದ್ದರೆ ಒಳಗೆ ಪ್ರವೇಶ ಎಂದಾಯಿತು.

ಒಮ್ಮೆ ಸರತಿಯಲ್ಲಿ ಸಿಕ್ಕಿಬಿದ್ದ ಮೇಲೊಂದನ್ನು ಬಿಚ್ಚಿ ರಾಯರಿಗೆ ತೋರಿಸಿದೆ. ಹಳೆಯ ಅಂಚೆ ನಿಯಮಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ, ಶೀರ್ಷಿಕೆಗೆ ರೋಮನ್ ವೇಷ ಹಾಕಿಸಬೇಕು. "ತಾಲೀಮು" ಎಂಬ ಪದ ಅಲ್ಲಿ 24 ಅಕ್ಷರವಾಗಿ ಹರಡಿಕೊಂಡಿತ್ತು. ತ ಒಂದು, ಅದರ ದೀರ್ಘ ಒಂದು, ಹೀಗೆ ಪ್ರತಿ ಗುರುತಿಗೂ ನಾಲ್ಕು ನಾಲ್ಕು. ಪ್ರತಿ ನಾಲ್ಕರ ಶುರುವೂ ತಪ್ಪದೆ 4ಎಲ್.

"ಇದೇನಯ್ಯಾ, ಗ್ರೀಟಿಂಗ್ಸ್ ಟೆಲಿಗ್ರಾಂ ನಂಬರ್ ಇದ್ದ ಹಾಗಿದೆ?"

"ತಾಲೀಮು ಸಾರ್."

"ಬರ್ದಿರೋದು ಹೀಗಿದ್ರೆ ಯಾರು ಬರ್ತಾರೆ?"

ಅಂತೂ ಒಂದು ದಿನ ಲಾಗ್ ತುಂಬ 250. ತೆಗೆದುಕೊಂಡೆ ಎಂದು ಎದುರಿನ ಸರ್ವರ್ ಹೇಳುವ ಮಾತು. ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಸಮೇತ ಮುದ್ರಿಸಿ ದುಶ್ಶಾಸನನ ಮುಂದಿಟ್ಟೆ. ಆತ ಫೋನ್ ತೆಗೆದು ಸ್ಪ್ಯಾಮ್ ಪೆಟ್ಟಿಗೆ ತೋರಿಸಿದ. ಒಳಗೆ ಅಷ್ಟೂ ಕರೆಗಳು ಭದ್ರವಾಗಿದ್ದವು, ಒಂದೂ ತೆರೆದಿರಲಿಲ್ಲ. ತೆಗೆದುಕೊಂಡೆ ಎಂದ ಸರ್ವರ್ ಎಲ್ಲಿಟ್ಟೆ ಎಂದು ಹೇಳಬೇಕೆಂಬ ನಿಯಮವಿಲ್ಲ.

ಡಿಮಾರ್ಕ್ ಹಾಕಿದ ಮೇಲೆ ಒಂದು ಲಾಭವಾಗಿದೆ. ದೊಡ್ಡ ಮೇಲ್ ಕಂಪನಿಗಳ ಯಂತ್ರಗಳು ನಮ್ಮ ಹೆಸರಿನಲ್ಲಿ ಬಂದ ಮೇಲುಗಳ ಲೆಕ್ಕವನ್ನು ದಿನಾ ಜಿಪ್ ಕಟ್ಟಿ ನನಗೆ ಕಳುಹಿಸುತ್ತವೆ. ಮನುಷ್ಯರು ಯಾರೂ ಉತ್ತರ ಬರೆಯದ ತಂಡದ ಪೆಟ್ಟಿಗೆಯಲ್ಲಿ ಇವೇ ತುಂಬಿವೆ. ರಾಯರಿಗೆ ಬಹಳ ಸಂತೋಷ.

"ನೋಡ್ದ್ಯಾ, ಎಷ್ಟು ಶಿಸ್ತು! ಇದರಲ್ಲಿ ಏನಂತಾರೆ?"

"ನಾವು ಕಳಿಸಿದ್ದೆಲ್ಲ ಸಾಚಾ ಅಂತಾರೆ ಸಾರ್."

"ಸಂತೋಷ. ನಾಳೆ ಎಷ್ಟು ಜನ ಬರ್ತಾರಂತೆ?"

"ಅದಿಲ್ಲ ಸಾರ್ ಇದರಲ್ಲಿ."

"ಮತ್ತೆ ಕಾಫಿ ಎಷ್ಟು ಹೇಳ್ಲಯ್ಯಾ?"